‘ಗೊತ್ತಿಲ್ಲ’ ಅನ್ನಲು ಕಲಿಯುವುದು ಹೇಗೆ: ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ವಾರ್ಡಿನಿಂದ ಒಂದಿಷ್ಟು ಹೆಜ್ಜೆಗಳು

ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಸರಿ ಉತ್ತರಕ್ಕೆ 4, ತಪ್ಪಿದರೆ 1 ಕಟ್, ಬಿಟ್ಟರೆ ಸೊನ್ನೆ. ಏನೇ ಆಗಲಿ, ನಾಲ್ಕು ಆಯ್ಕೆಗಳಲ್ಲಿ ಒಂದು ಸರಿ ಇದ್ದೇ ಇರುತ್ತದೆ. ಎರಡು ವರ್ಷ, ಕೆಲವರು ಮೂರು ವರ್ಷ ಇದರಲ್ಲೇ ಮುಳುಗೆದ್ದು ಮೆಡಿಕಲ್ ಕಾಲೇಜಿಗೆ ಬರುತ್ತೀರಿ. ಆಮೇಲೆ ಒಂದು ದಿನ ವಾರ್ಡಿನಲ್ಲಿ ಒಬ್ಬ ಅಜ್ಜಿ ಏಪ್ರನ್ ತುದಿ ಹಿಡಿದು ‘ನಂಗೇನಾಗಿದೆ ಮಗಾ?’ ಅಂತ ಕೇಳುತ್ತಾರೆ. ಇಲ್ಲಿ ಎ, ಬಿ, ಸಿ, ಡಿ ಇಲ್ಲ.

ಆಗ ನಾವು ಮಾಡುವುದು ಮೂರರಲ್ಲಿ ಒಂದು. ಕೇಸ್ ಶೀಟ್ ತಿರುವುತ್ತಾ ಏನೋ ಹುಡುಕುವ ಹಾಗೆ ನಟಿಸುತ್ತೇವೆ. ಇಲ್ಲವೇ ‘ಸರ್ ಬರ್ತಾರೆ, ಹೇಳ್ತಾರೆ’ ಅಂದು ಮುಂದಿನ ಬೆಡ್‌ಗೆ ಜಾರಿಕೊಳ್ಳುತ್ತೇವೆ. ಅದೂ ಆಗದಿದ್ದರೆ ಅಜ್ಜಿಗೆ ಅರ್ಥವಾಗದ ನಾಲ್ಕು ಇಂಗ್ಲಿಷ್ ಪದ ಉದುರಿಸುತ್ತೇವೆ. ಮೂರನ್ನೂ ನಾನು ಮಾಡಿದ್ದೇನೆ. ಈಗ ಮೆಡಿಸಿನ್ ಪಾಠ ಮಾಡುತ್ತಾ, ನನ್ನ ವಿದ್ಯಾರ್ಥಿಗಳು ಅದನ್ನೇ ಮಾಡುವುದನ್ನು ನೋಡುತ್ತಿದ್ದೇನೆ.

ಇಷ್ಟು ವರ್ಷದಲ್ಲಿ ನನಗೆ ಕಂಡದ್ದು ಒಂದು ವಿಷಯ. ರೋಗಿಯ ಕಷ್ಟ ಅರ್ಥ ಮಾಡಿಕೊಳ್ಳುವುದು ಒಂದು ಗುಣ, ಗೊತ್ತಿಲ್ಲದಿದ್ದಾಗ ಗಾಬರಿಯಾಗದೆ ಇರುವುದು ಇನ್ನೊಂದು ಗುಣ ಅಂತ ನಾವು ಬೇರೆ ಬೇರೆ ಮಾಡಿ ಮಾತಾಡುತ್ತೇವೆ. ಬೆಡ್ ಪಕ್ಕದಲ್ಲಿ ನಿಂತಾಗ ಅವೆರಡೂ ಒಂದೇ. ಉತ್ತರವಿಲ್ಲ ಅಂತ ಹೆದರಿದವನು ರೋಗಿಯಿಂದ ದೂರ ಓಡುತ್ತಾನೆ. ಓಡದೆ ನಿಂತವನಿಗೆ ರೋಗಿ ಇನ್ನೂ ಎರಡು ಮಾತು ಹೇಳುತ್ತಾರೆ. ಅದರಲ್ಲಿ ಎಷ್ಟೋ ಸಲ ಉತ್ತರವೂ ಸಿಗುತ್ತದೆ.

ಇದು ಹುಟ್ಟುಗುಣ, ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಸ್ಟೆತಸ್ಕೋಪ್‌ನಲ್ಲಿ ಮೊದಲ ದಿನ ಯಾರಿಗೂ ಮರ್ಮರ್ (ಹೃದಯ ಬಡಿತದ ನಡುವೆ ಕೇಳುವ ಸದ್ದು) ಕೇಳಿಸುವುದಿಲ್ಲ, ನೂರು ಎದೆ ಕೇಳಿದ ಮೇಲೆ ಕೇಳಿಸುತ್ತದೆ. ಇದೂ ಹಾಗೆಯೇ.

ಮೊದಲು ಒಂದು ನೋಟ್‌ಬುಕ್

ಏಪ್ರನ್ ಜೇಬಿಗೆ ಹಿಡಿಸುವಂಥ ಸಣ್ಣ ನೋಟ್‌ಬುಕ್ ಸಾಕು. ಮೊಬೈಲ್ ಬೇಡ. ರೋಗಿಯ ಎದುರು ಮೊಬೈಲ್ ತೆಗೆದರೆ ನೀವು ವಾಟ್ಸಾಪ್ ನೋಡುತ್ತಿದ್ದೀರಿ ಅಂತಲೇ ಅವರು ತಿಳಿಯುವುದು, ಅಲ್ವಾ? ರೋಗಿಯ ಹೆಸರು, ಐಪಿ ನಂಬರ್ (ಆಸ್ಪತ್ರೆಗೆ ದಾಖಲಾದ ಸಂಖ್ಯೆ), ಊರು ಯಾವುದನ್ನೂ ಬರೆಯಬೇಡಿ. ‘ಕಿಟಕಿ ಪಕ್ಕದ ಅಜ್ಜಿ’ ಅಂತ ಬರೆದರೆ ನಿಮಗೆ ನೆನಪಾಗುತ್ತದೆ. ಪುಸ್ತಕ ಕಳೆದುಹೋದರೂ ಯಾರಿಗೂ ತೊಂದರೆಯಿಲ್ಲ.

ಮುಂದಿನ ಎಲ್ಲ ಹೆಜ್ಜೆಗೂ ಇದೇ ಪುಸ್ತಕ.

ಡಿಸೆಕ್ಷನ್ ಹಾಲ್‌ನಿಂದ ಶುರು

ಫಸ್ಟ್ ಇಯರ್‌ನಲ್ಲಿ ರೋಗಿಗಳೇ ಇಲ್ಲವಲ್ಲ ಅನ್ನಬೇಡಿ. ನಿಮ್ಮ ಮೊದಲ ರೋಗಿ ಟೇಬಲ್ ಮೇಲೆ ಮಲಗಿದ್ದಾರೆ. 2019ರ ಬ್ಯಾಚ್‌ನಿಂದ ಬಂದ ಹೊಸ ಪಠ್ಯಕ್ರಮದಲ್ಲಿ ‘ಏಟ್‌ಕಾಮ್’ ಅಂತ ಒಂದು ಭಾಗವಿದೆ. ನಡವಳಿಕೆ, ನೀತಿ, ಮಾತುಕತೆ ಮೂರನ್ನೂ ಕಲಿಸುವ ಭಾಗ. ಅದರಲ್ಲಿ ಮೃತದೇಹವೇ ನಿಮ್ಮ ಮೊದಲ ಗುರು ಅನ್ನುವ ಪಾಠವೂ ಇದೆ. ಬಹಳ ಕಡೆ ಆ ಕ್ಲಾಸು ಊಟದ ಮೇಲಿನ ನಿದ್ದೆಗೆ ಮೀಸಲು. ಅದು ನಿಮ್ಮ ತಪ್ಪೂ ಹೌದು, ನಮ್ಮ ತಪ್ಪೂ ಹೌದು.

ಮೊದಲ ವಾರ ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತದೆ, ಊಟ ಸೇರುವುದಿಲ್ಲ. ಎರಡನೇ ತಿಂಗಳಿಗೆ ಜೋಕು ಶುರುವಾಗುತ್ತದೆ, ದೇಹಕ್ಕೆ ಒಂದು ಅಡ್ಡಹೆಸರು ಬೀಳುತ್ತದೆ. ಜೋಕು ಮಾಡುವವರನ್ನು ಕೆಟ್ಟವರು ಅನ್ನಲಾರೆ. ಹೆದರಿಕೆಗೆ ಮನಸ್ಸು ಹಾಕಿಕೊಳ್ಳುವ ಮುಸುಕು ಅದು. ಆದರೆ ಮುಸುಕು ಹಾಕಿಕೊಂಡಿದ್ದೇನೆ ಅಂತ ನಿಮಗೆ ಗೊತ್ತಿರಲಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇಷ್ಟೇ ಬರೆಯಿರಿ: ‘ಇವತ್ತು ಕೈ ನೋಡಿದೆ. ಉಗುರಿಗೆ ಬಣ್ಣ ಹಚ್ಚಿದ ಗುರುತಿತ್ತು. ಸುಮ್ನೆ ಸ್ವಲ್ಪ ಹೊತ್ತು ನಿಂತುಬಿಟ್ಟೆ.’ ಅಷ್ಟು ಸಾಕು.

ಬೈಲಹೊಂಗಲದ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ ದಾನವಾಗಿ ಬಂದ ತಮ್ಮ ತಂದೆಯ ದೇಹವನ್ನೇ ಛೇದಿಸಿ ಪಾಠ ಮಾಡಿದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ತಂದೆಯ ಆಸೆಯೇ ಅದಾಗಿತ್ತು. ನನ್ನಿಂದಾಗದ ಕೆಲಸ. ಆದರೆ ಟೇಬಲ್ ಮೇಲಿರುವವರು ಯಾರದೋ ಅಪ್ಪ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ರೋಗಿಯ ಮಾತಿಗೆ ಒಂದು ಡಿಕ್ಷನರಿ

ವಾರ್ಡಿಗೆ ಕಾಲಿಟ್ಟ ಮೇಲೆ ಮೊದಲು ಮಾಡಬೇಕಾದ ಕೆಲಸ ಇದು. ನನ್ನನ್ನು ಕೇಳಿದರೆ ಈ ಲೇಖನದಲ್ಲಿ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದೂ ಇದೇ.

ಪುಸ್ತಕದ ಹಿಂದಿನ ಪುಟಗಳಲ್ಲಿ ರೋಗಿಗಳು ಬಳಸುವ ಪದಗಳನ್ನು ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ. ಉದಾಹರಣೆಗೆ ‘ಸಂಕಟ’. ಒಬ್ಬರಿಗೆ ಸಂಕಟ ಅಂದರೆ ವಾಂತಿ ಬರುವ ಹಾಗಾಗುವುದು. ಇನ್ನೊಬ್ಬರಿಗೆ ಎದೆ ಹಿಂಡಿದ ಹಾಗಾಗುವುದು. ಮತ್ತೊಬ್ಬರಿಗೆ ಮಗಳ ಮದುವೆ ಮುರಿದ ದುಃಖ. ಕೇಸ್ ಶೀಟ್‌ನಲ್ಲಿ ಮೂರಕ್ಕೂ ‘ನಾಸಿಯಾ’ ಅಂತ ಬರೆದರೆ ಇಬ್ಬರ ಕಥೆ ಕೆಟ್ಟ ಹಾಗೆ. ಎದೆ ಹಿಂಡುವವರಿಗೆ ಇಸಿಜಿ ಆಗದೆ ಹೋಗಬಹುದು.

‘ತಲೆ ತಿರುಗುತ್ತೆ’ ಇನ್ನೊಂದು. ಅಲ್ಲಿಗೇ ಬಿಡಬೇಡಿ. ‘ಹೇಗೆ ತಿರುಗುತ್ತೆ ಅಮ್ಮಾ? ಮನೆಯೇ ಗಿರ್ ಅಂತ ತಿರುಗಿದ ಹಾಗಾ? ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬಂದ ಹಾಗಾ? ನಡೆಯುವಾಗ ಜೋಲಿ ಹೊಡೆದ ಹಾಗಾ?’ ಈ ಮೂರೂ ಬೇರೆ ಬೇರೆ ದಾರಿ. ಮೊದಲನೆಯದು ಕಿವಿಯ ಕಡೆಗೆ, ಎರಡನೆಯದು ಬಿಪಿ ಮತ್ತು ರಕ್ತದ ಕಡೆಗೆ, ಮೂರನೆಯದು ನರದ ಕಡೆಗೆ ಹೋಗಬಹುದು. ಹೋಗಲೇಬೇಕು ಅಂತಿಲ್ಲ. ಅಲ್ಲೂ ಅನುಮಾನ ಇದ್ದೇ ಇರುತ್ತದೆ.

ಸುಸ್ತು, ಜೋಮು, ದಮ್ಮು, ಉರಿಮೂತ್ರ, ಬಿಳಿ ಸೆರಗು, ಗಾಬರಿ ಹೀಗೆ ಪಟ್ಟಿ ಬೆಳೆಯುತ್ತದೆ. ಬೆಂಗಳೂರಿನಲ್ಲಿ ಓದಿ ಕಲಬುರಗಿಯಲ್ಲಿ ಇಂಟರ್ನ್‌ಶಿಪ್ ಮಾಡಿದರೆ ಪಟ್ಟಿ ಇನ್ನೂ ಉದ್ದವಾಗುತ್ತದೆ. ಕೇರಳದಿಂದಲೋ ರಾಜಸ್ಥಾನದಿಂದಲೋ ಬಂದ ನಿಮ್ಮ ರೂಮ್‌ಮೇಟ್‌ಗೂ ಒಂದು ಕಾಪಿ ಕೊಡಿ. ಕಾಲೇಜು ಸೇರಿದ ಶುರುವಿನ ಫೌಂಡೇಶನ್ ಕೋರ್ಸ್‌ನಲ್ಲಿ ಕಲಿತ ‘ನಿಮ್ಮ ಹೆಸರೇನು, ಊಟ ಆಯ್ತಾ’ ಇಲ್ಲಿ ಸಾಲುವುದಿಲ್ಲ.

ಪದ ಕೇಳಿ ಬರೆದುಕೊಳ್ಳುವಾಗ ಇನ್ನೊಂದು ಕೆಲಸವೂ ಆಗುತ್ತದೆ. ನಿಮ್ಮ ಪೆನ್ನು ನಿಂತು, ತಲೆ ಎತ್ತಿ, ‘ಅಂದ್ರೆ ಹೇಗೆ?’ ಅಂತ ಕೇಳಿದಾಗ, ಇವನಿಗೆ ನನ್ನ ಮಾತು ಬೇಕಾಗಿದೆ ಅಂತ ರೋಗಿಗೆ ತಿಳಿಯುತ್ತದೆ.

ಎರಡು ನಿಮಿಷ ಬಾಯಿ ಮುಚ್ಚಿಕೊಳ್ಳಿ

1984ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಡಾಕ್ಟರು ಮತ್ತು ರೋಗಿಯ ಮಾತುಕತೆಗಳನ್ನು ರೆಕಾರ್ಡ್ ಮಾಡಿ ನೋಡಿದರು. ರೋಗಿ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಮಧ್ಯೆ ಬಾಯಿ ಹಾಕುತ್ತಿದ್ದರು. ಬಿಟ್ಟರೆ ದಿನವಿಡೀ ಮಾತಾಡುತ್ತಾರೆ ಅನ್ನುವುದು ನಮ್ಮೆಲ್ಲರ ಭಯ. ಅದನ್ನೂ ಒಂದು ಕಡೆ ಅಳೆದು ನೋಡಿದ್ದಾರೆ. 2002ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಅಧ್ಯಯನದಲ್ಲಿ ಡಾಕ್ಟರುಗಳು ತಡೆಯದೆ ಕೇಳಿದರು. ರೋಗಿಗಳು ಸರಾಸರಿ 92 ಸೆಕೆಂಡಿನಲ್ಲಿ ತಾವಾಗಿಯೇ ನಿಲ್ಲಿಸಿದರು. ಹತ್ತಿರಹತ್ತಿರ ಐವರಲ್ಲಿ ನಾಲ್ವರು ಎರಡು ನಿಮಿಷದೊಳಗೆ ಮುಗಿಸಿದ್ದರು.

ನಮ್ಮ ಒಪಿಡಿಯಲ್ಲಿ ಒಂದು ಬೆಳಿಗ್ಗೆಗೆ ನೂರು ಚೀಟಿ ಇರುವಾಗ ಇದು ಆಗುವ ಮಾತಲ್ಲ ಅನ್ನುತ್ತೀರಿ. ನಿಜ, ಡ್ಯೂಟಿ ಡಾಕ್ಟರಿಗೆ ಕಷ್ಟ. ಆದರೆ ಕೇಸ್ ತೆಗೆದುಕೊಳ್ಳುವ ವಿದ್ಯಾರ್ಥಿಗೆ ಬೆಡ್ ಪಕ್ಕ ಒಂದು ಗಂಟೆ ಸಮಯವಿರುತ್ತದೆ. ಆ ಭಾಗ್ಯ ಆಮೇಲೆ ಯಾವತ್ತೂ ಸಿಗುವುದಿಲ್ಲ.

ಹೀಗೆ ಮಾಡಿ. ‘ಏನಾಯ್ತು ಅಂತ ಮೊದಲಿಂದ ಹೇಳಿ’ ಅನ್ನಿ. ಗೋಡೆ ಗಡಿಯಾರ ನೋಡಿಕೊಳ್ಳಿ. ಎರಡು ನಿಮಿಷ ‘ಹೂಂ’, ‘ಆಮೇಲೆ?’ ಬಿಟ್ಟು ಬೇರೇನೂ ಅನ್ನಬೇಡಿ. ‘ಎಷ್ಟು ದಿನದಿಂದ?’ ಅಂತ ನಾಲಿಗೆ ತುದಿಗೆ ಬಂದಾಗ ನುಂಗಿಕೊಳ್ಳಿ. ಮೊದಲ ಐದು ಸಲ ಹಿಂಸೆಯಾಗುತ್ತದೆ. ಗೊತ್ತಿಲ್ಲದೆ ಇರುವುದನ್ನು ಸಹಿಸಿಕೊಳ್ಳುವ ಮೊದಲ ಅಭ್ಯಾಸವೂ ಇದೇ, ಯಾಕೆಂದರೆ ಆ ಎರಡು ನಿಮಿಷ ಕಥೆ ಎಲ್ಲಿಗೆ ಹೋಗುತ್ತದೆ ಅಂತ ನಿಮಗೆ ಗೊತ್ತಿರುವುದಿಲ್ಲ.

ನಿಲ್ಲಬೇಡಿ, ಕೂರಿ. ಸ್ಟೂಲ್ ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ. ‘ಬೆಡ್ 14’ ಅನ್ನಬೇಡಿ, ‘ನೀನು’ ಅನ್ನಬೇಡಿ. ಅಜ್ಜಿ, ಅಮ್ಮ, ಅಣ್ಣ, ಯಜಮಾನ್ರೆ, ಉತ್ತರ ಕರ್ನಾಟಕದ ಕಡೆಯವರಾದರೆ ಅಕ್ಕಾರ, ಕಾಕಾರ, ಯಾವುದು ಹೊಂದುತ್ತದೋ ಅದು. ಹೊಟ್ಟೆ ಮುಟ್ಟುವ ಮೊದಲು ಕೈ ಉಜ್ಜಿ ಬಿಸಿ ಮಾಡಿಕೊಳ್ಳಿ.

‘ಅಯ್ಯೋ ಪಾಪ’ ಮಾತ್ರ ಬೇಡ. ಅದು ಮೇಲೆ ನಿಂತು ಕೆಳಗೆ ನೋಡುವ ಮಾತು. ರೋಗಿಗೆ ಕನಿಕರ ತೋರಿಸುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ, ಹಣ್ಣು ಹಿಡಿದುಕೊಂಡು ದಿನಾ ಸಂಜೆ ಬರುತ್ತಾರೆ. ನಿಮ್ಮಿಂದ ಬೇಕಾದ್ದು ‘ರಾತ್ರಿ ನಿದ್ದೆ ಬರಲಿಲ್ಲ ಅಂದ್ರಲ್ಲ, ನೋವಿಗಾ, ಯೋಚನೆಗಾ?’ ಅನ್ನುವಂಥ ಒಂದು ಪ್ರಶ್ನೆ.

ಗೊತ್ತಿಲ್ಲದ್ದಕ್ಕೆ ಮೂರು ಕಾಲಂ

ರೆನೆ ಫಾಕ್ಸ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞೆ ಮೆಡಿಕಲ್ ವಿದ್ಯಾರ್ಥಿಗಳ ಜೊತೆ ಇದ್ದು, ಅವರು ಅನುಮಾನಗಳ ಜೊತೆ ಬದುಕಲು ಹೇಗೆ ಕಲಿಯುತ್ತಾರೆ ಅಂತ 1957ರಲ್ಲಿ ಬರೆದರು. ಗೊತ್ತಿಲ್ಲದಿರುವುದರಲ್ಲಿ ಅವರು ಮೂರು ಬಗೆ ಗುರುತಿಸಿದರು. ನನ್ನ ವಿದ್ಯಾರ್ಥಿಗಳಿಗೆ ಅದನ್ನು ಹೀಗೆ ಹೇಳುತ್ತೇನೆ:

ಒಂದು, ನನಗೆ ಗೊತ್ತಿಲ್ಲ. ಪುಸ್ತಕದಲ್ಲಿದೆ, ಓದಿಲ್ಲ.
ಎರಡು, ಯಾರಿಗೂ ಗೊತ್ತಿಲ್ಲ. ವೈದ್ಯಶಾಸ್ತ್ರವೇ ಅಲ್ಲಿಗೆ ನಿಂತಿದೆ.
ಮೂರು, ಇದು ಒಂದನೆಯದೋ ಎರಡನೆಯದೋ ಅಂತಲೇ ಗೊತ್ತಿಲ್ಲ.

ಪ್ರತಿ ಕೇಸ್ ಮುಗಿದ ಮೇಲೆ ನಿಮಗೆ ಉತ್ತರ ಸಿಗದ ಪ್ರಶ್ನೆಗಳನ್ನು ಈ ಮೂರು ಕಾಲಂಗೆ ಹಾಕಿ. ಶುರುವಿನಲ್ಲಿ ಎಲ್ಲವೂ ಮೂರನೇ ಕಾಲಂಗೇ ಬೀಳುತ್ತವೆ. ಹಾಗಾಗಿ ಎಲ್ಲದಕ್ಕೂ ನಾಚಿಕೆಯಾಗುತ್ತದೆ. ‘ಈ ಅಣ್ಣನಿಗೆ 35ಕ್ಕೇ ಬಿಪಿ ಯಾಕೆ ಬಂತು?’ ಅನ್ನುವುದು ನಿಮಗೆ ಓದದೆ ಬಿಟ್ಟ ಪಾಠದ ಹಾಗೆ ಕಾಣುತ್ತದೆ. ಸಂಜೆ ಹೋಗಿ ಓದುತ್ತೀರಿ. ಕಿಡ್ನಿ, ಅಡ್ರಿನಲ್, ರಕ್ತನಾಳ, ಎಲ್ಲ ಹುಡುಕುವ ಪಟ್ಟಿ ಸಿಗುತ್ತದೆ. ಅದು ಒಂದನೇ ಕಾಲಂ, ನಿಮ್ಮ ಕೆಲಸ. ಅದೆಲ್ಲ ನೋಡಿಯೂ ಎಷ್ಟೋ ಜನರಲ್ಲಿ ಕಾರಣ ಸಿಗುವುದಿಲ್ಲ. ಅದು ಎರಡನೇ ಕಾಲಂ, ನಿಮ್ಮ ತಪ್ಪಲ್ಲ.

ತಿಂಗಳಿಗೊಮ್ಮೆ ಮೂರನೇ ಕಾಲಂ ತೆಗೆದು ಪಿಜಿ ಓದುವ ಸೀನಿಯರಿಗೋ ಮೇಷ್ಟ್ರಿಗೋ ತೋರಿಸಿ, ‘ಸರ್, ಇದು ನಾನು ಓದಬೇಕಾದ್ದಾ, ಯಾರಿಗೂ ಗೊತ್ತಿಲ್ಲದ್ದಾ?’ ಅಂತ ಕೇಳಿ. ಕೆಲವರು ಬೈಯುತ್ತಾರೆ, ಬೈಸಿಕೊಳ್ಳಿ. ‘ಅಯ್ಯೋ, ನನಗೂ ಗೊತ್ತಿಲ್ಲ, ನೋಡೋಣ ಬಾ’ ಅನ್ನುವವರು ಸಿಕ್ಕರೆ ಅವರ ಹಿಂದೆ ಬೀಳಿ. ನಿಮ್ಮ ಮೇಷ್ಟ್ರು ಅವರೇ.

ಜ್ವರದ ಬೆಡ್ ಪಕ್ಕ

ಅನುಮಾನದ ಜೊತೆ ಬದುಕುವುದನ್ನು ಕಲಿಯಲು ಮಳೆಗಾಲದ ಜ್ವರಕ್ಕಿಂತ ಒಳ್ಳೆಯ ಪಾಠವಿಲ್ಲ. ನಾಲ್ಕು ದಿನದ ಜ್ವರ, ತಲೆನೋವು, ಮೈಕೈ ನೋವು. ಡೆಂಗ್ಯೂ ಇರಬಹುದು, ಟೈಫಾಯ್ಡ್, ಇಲಿಜ್ವರ, ಸ್ಕ್ರಬ್ ಟೈಫಸ್, ಮಲೇರಿಯಾ ಇರಬಹುದು. ಶಿವಮೊಗ್ಗ, ಉತ್ತರ ಕನ್ನಡದ ಕಾಡಂಚಿನವರಾದರೆ, ಬೇಸಿಗೆಯ ಮುಂಚಿನ ತಿಂಗಳುಗಳಲ್ಲಿ ಮಂಗನ ಕಾಯಿಲೆಯೂ ಸೇರುತ್ತದೆ. ಅಥವಾ ಹೆಸರಿಲ್ಲದ ಒಂದು ವೈರಲ್ ಜ್ವರ, ತಾನಾಗಿಯೇ ಹೋಗುವಂಥದ್ದು.

ಟೆಸ್ಟ್ ಮಾಡಿಸಿದರೆ ಮುಗಿಯಿತಲ್ಲ ಅನ್ನಬೇಡಿ. ಡೆಂಗ್ಯೂವಿನ ಎನ್‌ಎಸ್‌1 ಅಂದರೆ ವೈರಸ್ಸಿನ ಒಂದು ಪ್ರೋಟೀನ್, ಮೊದಲ ದಿನಗಳಲ್ಲಿ ರಕ್ತದಲ್ಲಿ ಸಿಗುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಕಾಯಿಲೆಗೆ ನಮ್ಮ ದೇಹ ಮಾಡುವ ಐಜಿಎಂ ಪ್ರತಿಕಾಯ ಐದನೇ ದಿನದ ಆಸುಪಾಸಿನಿಂದ ಏರುತ್ತದೆ. ಮಧ್ಯದಲ್ಲಿ ಸಿಕ್ಕಿಬಿದ್ದವರಿಗೆ ಎರಡೂ ನೆಗೆಟಿವ್ ಬರಬಹುದು. ಟೈಫಾಯ್ಡಿಗೆ ಮಾಡುವ ವೀಡಾಲ್ ಟೆಸ್ಟ್ ಅಂತೂ ಮೊದಲ ವಾರದಲ್ಲಿ ನಂಬುವ ಹಾಗೇ ಇಲ್ಲ. ಇನ್ನೊಂದು ಲೆಕ್ಕ ನೋಡಿ. ಸಾವಿರ ಜನರಲ್ಲಿ ಹತ್ತು ಜನಕ್ಕೆ ಒಂದು ಕಾಯಿಲೆ ಇದೆ ಅಂತಿಟ್ಟುಕೊಳ್ಳಿ. ಟೆಸ್ಟ್ ಹತ್ತರಲ್ಲಿ ಒಂಬತ್ತು ಜನರನ್ನು ಹಿಡಿಯುತ್ತದೆ, ಆರೋಗ್ಯವಾಗಿರುವ ನೂರರಲ್ಲಿ ಐದು ಜನಕ್ಕೆ ಸುಳ್ಳೇ ಪಾಸಿಟಿವ್ ತೋರಿಸುತ್ತದೆ. ಎಲ್ಲರಿಗೂ ಟೆಸ್ಟ್ ಮಾಡಿದರೆ 9 ನಿಜವಾದ ಪಾಸಿಟಿವ್, ಸುಮಾರು 50 ಸುಳ್ಳು ಪಾಸಿಟಿವ್. ಕೈಯಲ್ಲಿ ಪಾಸಿಟಿವ್ ರಿಪೋರ್ಟ್ ಹಿಡಿದ ಆರು ಜನರಲ್ಲಿ ಐವರಿಗೆ ಕಾಯಿಲೆಯೇ ಇಲ್ಲ! ನನ್ನ ಓದಿನ ಕಾಲದಲ್ಲಿ ಈ ಲೆಕ್ಕವನ್ನು ಯಾರೂ ಹೀಗೆ ಜನರನ್ನು ಎಣಿಸಿ ಹೇಳಿಕೊಡಲಿಲ್ಲ. ಫಾರ್ಮುಲಾ ಬಾಯಿಪಾಠ ಮಾಡಿದೆವು, ಅಷ್ಟೇ.

ಹಾಗಾಗಿ ಪುಸ್ತಕದಲ್ಲಿ ಹೀಗೆ ಬರೆಯಿರಿ. ಮೂರು ಸಾಧ್ಯತೆ, ಪ್ರತಿಯೊಂದರ ಮುಂದೆ ನೂರಕ್ಕೆ ಎಷ್ಟು ಅಂತ ನಿಮ್ಮ ಊಹೆ. ಕೆಳಗೆ ಒಂದು ಸಾಲು: ‘ನಾಳೆ ಏನು ಕಂಡರೆ ನನ್ನ ಮನಸ್ಸು ಬದಲಾಗುತ್ತದೆ?’ ಮರುದಿನ ಹೋಗಿ ನೋಡಿ, ಅಂಕಿ ತಿದ್ದಿ. ಡಿಸ್ಚಾರ್ಜ್ ದಿನ ಕೊನೆಯ ಸಲ ನೋಡಿ. ಇಪ್ಪತ್ತು ಕೇಸಿನ ಮೇಲೆ ನಿಮ್ಮ ಬಗ್ಗೆಯೇ ಒಂದು ವಿಷಯ ಗೊತ್ತಾಗುತ್ತದೆ. 90 ಅಂತ ಬರೆದ ಕಡೆಯೆಲ್ಲ ಎಷ್ಟು ಸಲ ಕೈಕೊಟ್ಟಿದೆ ಅಂತ.

ಕಾಯುವುದೂ ಒಂದು ಟೆಸ್ಟ್. ಕೆಲವೊಮ್ಮೆ ಅದೇ ದೊಡ್ಡ ಟೆಸ್ಟ್. ಆದರೆ ಕಾಯುವುದಕ್ಕೂ ಸುಮ್ಮನೆ ಕೂರುವುದಕ್ಕೂ ವ್ಯತ್ಯಾಸವಿದೆ. ಡೆಂಗ್ಯೂನಲ್ಲಿ ಜ್ವರ ಬಿಟ್ಟ ಕೂಡಲೇ ಮನೆಯವರು ‘ವಾಸಿಯಾಯ್ತು, ಕಳಿಸಿಬಿಡಿ’ ಅನ್ನುತ್ತಾರೆ. ಅಪಾಯ ಶುರುವಾಗುವುದು ಆ ಹೊತ್ತಿಗೇ. ಏನನ್ನು ಕಾಯುತ್ತಿದ್ದೀರಿ ಅಂತ ಗೊತ್ತಿದ್ದು ಕಾಯಬೇಕು.

ಇಲ್ಲಿ ಒಂದು ನೆನಪು. ಒಬ್ಬ ಹೆಂಗಸು, ನಲವತ್ತರ ಆಸುಪಾಸು, ಆರು ದಿನದ ಜ್ವರ. ಎಲ್ಲ ರಿಪೋರ್ಟೂ ಗೊಂದಲ. ರೌಂಡ್ಸ್‌ನಲ್ಲಿ ನಾವು ಬೆಡ್ ಸುತ್ತ ನಿಂತು ಇನ್ಯಾವ ಟೆಸ್ಟ್ ಕಳಿಸುವುದು ಅಂತ ಚರ್ಚೆ ಮಾಡಿ ಹೋದೆವು. ಮಧ್ಯಾಹ್ನ ಥರ್ಡ್ ಇಯರ್ ಹುಡುಗಿಯೊಬ್ಬಳು ಕೇಸ್ ತೆಗೆದುಕೊಳ್ಳಲು ಹೋದಳು. ಕಾಯಿಲೆ ವಿಷಯ ಮುಗಿದ ಮೇಲೂ ಕೂತಿದ್ದಳು. ಮನೆಯಲ್ಲಿ ಹಸು ನೋಡಿಕೊಳ್ಳುವವರು ಯಾರು ಅಂತ ಕೇಳಿದಳು. ಆಕೆ ದನಕ್ಕೆ ಹುಲ್ಲು ಕೊಯ್ಯುವ ಮಾತು ತೆಗೆದರು. ಹುಲ್ಲಿನ ಮಾತಿಗೆ ‘ಅಲ್ಲೇ ಏನೋ ಕಚ್ಚಿರಬೇಕು, ಒಂದು ಗಾಯ ಆಗಿದೆ, ನೋವಿಲ್ಲ, ಗಂಡಸರ ಮುಂದೆ ಹೇಗೆ ತೋರ್ಸೋದು’ ಅಂದರು. ಹುಡುಗಿ ಸಿಸ್ಟರನ್ನು ಕರೆದು ಸ್ಕ್ರೀನ್ ಎಳೆಸಿ ನೋಡಿದಳು. ಎದೆಯ ಕೆಳಗಿನ ಮಡಿಕೆಯಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆಯ ಒಂದು ಗಾಯ. ಸ್ಕ್ರಬ್ ಟೈಫಸ್‌ನ ಗುರುತು. ಹುಲ್ಲು ಪೊದೆಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಕಚ್ಚಿ ಬರುವ ಜ್ವರ. ಡಾಕ್ಸಿಸೈಕ್ಲಿನ್ ಶುರುವಾಯಿತು, ಎರಡು ದಿನಕ್ಕೆ ಜ್ವರ ಇಳಿಯಿತು.

ಆ ಹುಡುಗಿ ನಮಗಿಂತ ಜಾಸ್ತಿ ಓದಿರಲಿಲ್ಲ. ನಮಗಿಂತ ಹದಿನೈದು ನಿಮಿಷ ಜಾಸ್ತಿ ಕೂತಿದ್ದಳು.

ಮಂಗನ ಕಾಯಿಲೆಯ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ನಮ್ಮ ನೆಲದ ಕಥೆ ಅದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಯವರಿಗೆ ಜ್ವರ ಬಂತು. ಮಂಗ ಸಾಯುತ್ತಿವೆ ಅಂದ ಕೂಡಲೇ ಹಳದಿ ಜ್ವರ ಭಾರತಕ್ಕೆ ಬಂದುಬಿಟ್ಟಿತೇ ಅನ್ನುವ ಗಾಬರಿ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ರಕ್ತ, ಮಂಗ, ಉಣುಗು ಎಲ್ಲವನ್ನೂ ನೋಡಿ, ಇದು ಹಳದಿ ಜ್ವರವಲ್ಲ, ಉಣುಗಿನಿಂದ ಹರಡುವ ಹೊಸ ವೈರಸ್ ಅಂತ ಕಂಡುಹಿಡಿದರು. ಮೊದಲ ಊಹೆಯನ್ನೇ ಗಟ್ಟಿ ಹಿಡಿದು ಕೂತಿದ್ದರೆ? ಆ ಕಾಯಿಲೆಗೆ ಇವತ್ತಿಗೂ ಅದರದೇ ಆದ ಔಷಧಿಯಿಲ್ಲ. ಜೊತೆಗಿದ್ದು ನೋಡಿಕೊಳ್ಳುವುದೇ ಚಿಕಿತ್ಸೆ.

ಬಾಯಿಬಿಟ್ಟು ಹೇಳುವ ಬಗೆ

ನಾನು ಇಂಟರ್ನ್ ಆಗಿದ್ದಾಗ ಒಂದು ರಾತ್ರಿ ಕ್ಯಾಷುಯಾಲ್ಟಿಗೆ ಹೊಟ್ಟೆನೋವಿನ ಹುಡುಗನೊಬ್ಬ ಬಂದ. ಹೊಕ್ಕುಳ ಸುತ್ತ ನೋವು, ಎರಡು ಸಲ ವಾಂತಿ. ಹೊಟ್ಟೆ ಮೆತ್ತಗಿತ್ತು. ‘ಏನೂ ಇಲ್ಲ, ಗ್ಯಾಸ್ಟ್ರಿಕ್’ ಅಂದೆ. ಮಾತ್ರೆ ಕೊಟ್ಟು ಕಳಿಸಿದೆ. ಎರಡನೇ ದಿನ ಸಂಜೆ ಅವರಪ್ಪ ಅವನನ್ನು ಎತ್ತಿಕೊಂಡೇ ಬಂದರು. ನೋವು ಬಲಗಡೆ ಕೆಳಕ್ಕೆ ಇಳಿದು, ಜ್ವರ ಏರಿ, ಅಪೆಂಡಿಕ್ಸ್ ಒಡೆದಿತ್ತು. ಆಪರೇಷನ್ ಆಗಿ ಬದುಕಿದ.

ಮೊದಲ ರಾತ್ರಿ ಅದು ಅಪೆಂಡಿಕ್ಸ್ ಅಂತ ಖಚಿತವಾಗಿ ಹೇಳುವುದು ಯಾರಿಗೂ ಕಷ್ಟವೇ. ನೋವು ಹೊಕ್ಕುಳ ಸುತ್ತಲೇ ಶುರುವಾಗುವುದುಂಟು. ನನ್ನ ತಪ್ಪು ಆ ‘ಏನೂ ಇಲ್ಲ’. ಅದನ್ನು ನಂಬಿ ಅವರಪ್ಪ ಮರುದಿನವೆಲ್ಲ ಕಾದಿದ್ದರು. ‘ಡಾಕ್ಟ್ರು ಏನೂ ಇಲ್ಲ ಅಂದಿದ್ರಲ್ಲ ಸ್ವಾಮಿ’ ಅಂದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ನಾನು ಹೇಳಬೇಕಿದ್ದ ಮಾತನ್ನು ಈಗ ವಿದ್ಯಾರ್ಥಿಗಳಿಗೆ ಕಲಿಸುತ್ತೇನೆ. ನಾಲ್ಕು ತುಂಡು ಇದೆ. ಈಗ ಗೊತ್ತಿರುವುದು ಏನು. ಗೊತ್ತಿಲ್ಲದ್ದು ಏನು. ನಾವು ಏನು ಮಾಡುತ್ತೇವೆ. ನೀವು ಯಾವಾಗ ಓಡಿ ಬರಬೇಕು.

‘ನೋಡಿ ಯಜಮಾನ್ರೆ, ಈಗ ಹೊಟ್ಟೆ ಮೆತ್ತಗಿದೆ, ಅದು ಒಳ್ಳೇದು. ಆದ್ರೆ ಯಾತಕ್ಕೆ ನೋವು ಅಂತ ಇಷ್ಟು ಬೇಗ ಹೇಳಕ್ಕಾಗಲ್ಲ. ಅಪೆಂಡಿಕ್ಸ್ ಶುರುವಿನಲ್ಲಿ ಹಿಂಗೇ ಇರುತ್ತೆ, ಸುಮ್ನೆ ಅಜೀರ್ಣನೂ ಹಿಂಗೇ ಇರುತ್ತೆ. ಬೆಳಿಗ್ಗೆ ಸರ್ಜರಿಯವರ ಹತ್ರ ಮತ್ತೆ ತೋರಿಸಿ. ರಾತ್ರೀನೇ ನೋವು ಬಲಗಡೆಗೆ ಹೋದ್ರೆ, ಜ್ವರ ಬಂದ್ರೆ, ಹುಡುಗ ನಡೆಯಕ್ಕೆ ಆಗಲ್ಲ ಅಂದ್ರೆ, ಗಂಟೆ ನೋಡಬೇಡಿ, ಕರ್ಕೊಂಡು ಬಂದ್ಬಿಡಿ. ನಾನು ಹೇಳಿದ್ದು ಒಂದ್ಸಲ ಹೇಳಿ ನೋಡೋಣ?’

ಕೊನೆಯ ಪ್ರಶ್ನೆ ಮರೆಯಬೇಡಿ. ಅವರ ಬಾಯಲ್ಲಿ ಕೇಳಿದಾಗಲೇ ನೀವು ಏನು ಹೇಳಿದಿರಿ ಅಂತ ನಿಮಗೂ ಗೊತ್ತಾಗುವುದು.

‘ಗೊತ್ತಿಲ್ಲ ಅಂದ್ರೆ ಇವನೆಂಥ ಡಾಕ್ಟ್ರು ಅಂತ ಬೇರೆ ಕಡೆ ಹೋಗಿಬಿಡ್ತಾರೆ ಸರ್’ ಅಂತ ಪ್ರತಿ ಬ್ಯಾಚ್‌ನಲ್ಲೂ ಒಬ್ಬರು ಕೇಳುತ್ತಾರೆ. ಬರೀ ‘ಗೊತ್ತಿಲ್ಲ’ ಅಂದು ಕೈ ಚೆಲ್ಲಿದರೆ ಹೋಗುತ್ತಾರೆ, ನಾನಾದರೂ ಹೋಗುತ್ತೇನೆ. ‘ಗೊತ್ತಿಲ್ಲ’ದ ಹಿಂದೆಯೇ ‘ಆದ್ರೆ ಇದನ್ನು ಮಾಡೋಣ’ ಬಂದರೆ ನನ್ನ ಅನುಭವದಲ್ಲಿ ಹೆಚ್ಚಿನವರು ಉಳಿಯುತ್ತಾರೆ. ಹಾಸ್ಟೆಲ್ ರೂಮಿನಲ್ಲಿ ಒಬ್ಬರು ಅಪ್ಪ, ಒಬ್ಬರು ಡಾಕ್ಟರ್ ಆಗಿ ಇದನ್ನು ಬಾಯಿಬಿಟ್ಟು ಅಭ್ಯಾಸ ಮಾಡಿ. ನಗು ಬರುತ್ತದೆ, ಪರವಾಗಿಲ್ಲ.

ಸಾವಿನ ಸುದ್ದಿ, ಕ್ಯಾನ್ಸರ್ ಸುದ್ದಿ ವಿದ್ಯಾರ್ಥಿ ಒಬ್ಬರೇ ಹೇಳುವ ಕೆಲಸವಲ್ಲ. ‘ಸ್ಪೈಕ್ಸ್’ ಅಂತ ಕೆಟ್ಟ ಸುದ್ದಿ ಹೇಳಲು ಆರು ಹಂತದ ಒಂದು ಕ್ರಮವಿದೆ, ನಿಮಗೆ ಪಾಠವೂ ಆಗುತ್ತದೆ. ಈಗಿನ ಮಟ್ಟಿಗೆ ಸೀನಿಯರ್ ಪಕ್ಕದಲ್ಲಿ ನಿಂತು ನೋಡಿ. ಸುದ್ದಿ ಹೇಳಿದ ಮೇಲೆ ಅವರು ಎಷ್ಟು ಹೊತ್ತು ಸುಮ್ಮನಿದ್ದರು ಅನ್ನುವುದನ್ನು ಗಮನಿಸಿ, ಬರೆದುಕೊಳ್ಳಿ.

ಮನಸ್ಸು ಗಟ್ಟಿಯಾಗತೊಡಗಿದಾಗ

ಅಮೆರಿಕದ ಫಿಲಡೆಲ್ಫಿಯಾದ ಜೆಫರ್ಸನ್ ಮೆಡಿಕಲ್ ಕಾಲೇಜಿನಲ್ಲಿ 456 ವಿದ್ಯಾರ್ಥಿಗಳನ್ನು ವರ್ಷದಿಂದ ವರ್ಷಕ್ಕೆ ಅಳೆದು ನೋಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಮೊದಲೆರಡು ವರ್ಷ ಅವರ ಸಹಾನುಭೂತಿಯ ಅಂಕ ಹಾಗೇ ಇತ್ತು, ಮೂರನೇ ವರ್ಷ ಕುಸಿಯಿತು. ಅಲ್ಲಿ ಮೂರನೇ ವರ್ಷ ಅಂದರೆ ಪೂರ್ತಿ ವಾರ್ಡಿಗೆ ಇಳಿಯುವ ವರ್ಷ. ರೋಗಿಗಳ ಹತ್ತಿರ ಹೋದ ಮೇಲೆ ಜಾಸ್ತಿಯಾಗಬೇಕಾದ್ದು ಕಡಿಮೆಯಾಯಿತು! ನಮ್ಮಲ್ಲಿ ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಆಗುವುದನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಿದ್ದೆಯಿಲ್ಲ, ಊಟ ಹೊತ್ತಿಗಿಲ್ಲ, ಸ್ಯಾಂಪಲ್ ಹೊತ್ತುಕೊಂಡು ಲ್ಯಾಬಿಗೆ ಓಡುವುದೇ ಕೆಲಸ. ಮೇಲೆ ರೋಗಿಯ ಕಡೆಯವರ ಕೂಗಾಟ, ಕೆಲವೊಮ್ಮೆ ಕೈ ಮಾಡುವುದೂ ಉಂಟು. ಇಂಥವರಿಗೆ ‘ಕರುಣೆ ಇರಲಿ’ ಅಂತ ಭಾಷಣ ಮಾಡಲು ನನಗೆ ಬಾಯಿ ಬರುವುದಿಲ್ಲ.

ಸಾಧ್ಯವಿರುವುದು ಸಣ್ಣ ಸಣ್ಣವು. ಮೂರು ನಾಲ್ಕು ಜನ ಗೆಳೆಯರು ವಾರಕ್ಕೊಮ್ಮೆ ಅರ್ಧ ಗಂಟೆ ಕ್ಯಾಂಟೀನಿನಲ್ಲಿ ಕೂರಿ. ಯಾವ ಕೇಸ್ ಮನಸ್ಸಿನಿಂದ ಹೋಗುತ್ತಿಲ್ಲ ಅಂತ ಒಬ್ಬೊಬ್ಬರೂ ಹೇಳಿ. ಉಪದೇಶ ಬೇಡ, ‘ನಾನಾಗಿದ್ರೆ’ ಬೇಡ. ನೀವು ನೋಡಿಕೊಂಡ ರೋಗಿ ತೀರಿಕೊಂಡ ದಿನ ನೇರ ಓದಲು ಹೋಗಬೇಡಿ, ಯಾರ ಜೊತೆಯಾದರೂ ಒಂದು ಟೀ ಕುಡಿಯಿರಿ. ಇಪ್ಪತ್ತು ವರ್ಷ ಅದೇ ವಾರ್ಡಿನಲ್ಲಿರುವ ಸಿಸ್ಟರ್ ಆ ದಿನ ಏನು ಮಾಡುತ್ತಾರೆ ನೋಡಿ. ಶವ ಸಾಗಿಸುವ ಮೊದಲು ಅವರು ಸೆರಗು ಸರಿ ಮಾಡುತ್ತಾರೆ, ಕೂದಲು ಸರಿ ಮಾಡುತ್ತಾರೆ. ಯಾವ ಪಠ್ಯಕ್ರಮದಲ್ಲೂ ಅದಿಲ್ಲ.

ರೋಗಿಯ ಮೇಲೆ ವಿನಾಕಾರಣ ಸಿಟ್ಟು ಬರತೊಡಗಿದರೆ, ರಜೆಯ ದಿನವೂ ಏನೂ ಬೇಡ ಅನಿಸಿದರೆ, ಬದುಕೇ ಸಾಕು ಅನಿಸಿದರೆ, ಗೆಳೆಯರ ಟೀ ಸಾಲದು. ನಿಮ್ಮ ಕಾಲೇಜಿನ ಸೈಕಿಯಾಟ್ರಿ ವಿಭಾಗಕ್ಕೆ ಹೋಗಲು ಮುಜುಗರವಾದರೆ 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಒಂದೇ ಮನೆಗೆ ಮತ್ತೆ ಮತ್ತೆ

ವಾರ್ಡಿನಲ್ಲಿ ರೋಗಿ ಐದು ದಿನ ಸಿಗುತ್ತಾರೆ, ಆಮೇಲೆ ಏನಾದರು ಅಂತ ಗೊತ್ತಾಗುವುದೇ ಇಲ್ಲ. 2021-22ರ ಬ್ಯಾಚ್‌ನಿಂದ ಬಂದ ಕುಟುಂಬ ದತ್ತು ಕಾರ್ಯಕ್ರಮ ಇದಕ್ಕೊಂದು ಒಳ್ಳೆಯ ಅವಕಾಶ. ಹಳ್ಳಿಯ ಕೆಲವು ಮನೆಗಳಿಗೆ ವರ್ಷಗಟ್ಟಲೆ ಹೋಗಿಬರುವುದು. ಬಸ್ಸಿನಲ್ಲಿ ಹೋಗಿ, ಬಿಪಿ ನೋಡಿ, ಫೋಟೋ ತೆಗೆದು, ಲಾಗ್‌ಬುಕ್ ತುಂಬಿಸಿ ಬಂದರೆ ಅದು ಪಿಕ್‌ನಿಕ್. ಬದಲಿಗೆ ಪ್ರತಿ ಸಲ ಒಂದೇ ಪ್ರಶ್ನೆ ಇಟ್ಟುಕೊಂಡು ಹೋಗಿ: ‘ಹೋದ ಸಲ ಹೇಳಿದ್ದು ಯಾಕೆ ಆಗಲಿಲ್ಲ?’

ಬಿಪಿ ಮಾತ್ರೆ ಯಾಕೆ ನಿಂತಿತು ಅಂತ ಕೇಳಿದರೆ ಮೊದಲು ‘ಮರೆತೆ’ ಅನ್ನುತ್ತಾರೆ. ಮೂರನೇ ಭೇಟಿಗೆ, ಕಾಫಿ ಕೊಟ್ಟ ಮೇಲೆ, ನಿಜ ಹೊರಗೆ ಬರುತ್ತದೆ. ಮಾತ್ರೆ ನುಂಗಿದರೆ ರಾತ್ರಿ ಎದ್ದು ಎದ್ದು ಹೋಗಬೇಕು, ಬಚ್ಚಲು ಮನೆ ಹಿತ್ತಲಲ್ಲಿದೆ, ಲೈಟಿಲ್ಲ, ಬಿದ್ದರೆ ಯಾರು ನೋಡುತ್ತಾರೆ? ಮಾತ್ರೆಯನ್ನು ಬೆಳಿಗ್ಗೆಗೆ ಬದಲಾಯಿಸಬಹುದೇ ಅಂತ ಮೇಷ್ಟ್ರನ್ನು ಕೇಳಿಕೊಂಡು ಬನ್ನಿ.

ನನ್ನಂಥವರಿಗೆ ಎರಡು ಮಾತು

ಪಾಠ ಮಾಡುವವರು ಇದನ್ನು ಓದುತ್ತಿದ್ದರೆ, ರೌಂಡ್ಸ್‌ನಲ್ಲಿ ದಿನಕ್ಕೊಂದು ಸಲ ಜೋರಾಗಿ ‘ನನಗೆ ಗೊತ್ತಿಲ್ಲ’ ಅನ್ನಿ. ವೈವಾದಲ್ಲಿ (ಬಾಯಿಮಾತಿನ ಪರೀಕ್ಷೆಯಲ್ಲಿ) ‘ಗೊತ್ತಿಲ್ಲ ಸರ್’ ಅಂದ ವಿದ್ಯಾರ್ಥಿಗೆ ‘ಗೊತ್ತು ಮಾಡ್ಕೊಳ್ಳೋಕೆ ಏನು ಮಾಡ್ತೀಯ?’ ಅಂತ ಕೇಳಿ, ಆ ಉತ್ತರಕ್ಕೂ ಅಂಕ ಕೊಡಿ. ವಾರ್ಡಿನಲ್ಲಿ ನಾವು ಹೇಗೆ ಮಾತಾಡುತ್ತೇವೋ ಹುಡುಗರು ಹಾಗೆಯೇ ಮಾತಾಡುತ್ತಾರೆ. ನಮ್ಮ ಸ್ಲೈಡ್‌ಗಳನ್ನು ಯಾರೂ ನೋಡುತ್ತಿಲ್ಲ.

ನನ್ನ ಹಳೆಯ ನೋಟ್‌ಬುಕ್ ಇನ್ನೂ ಇದೆ. ಅದರ ಮೂರನೇ ಕಾಲಂನಲ್ಲಿ ‘ಬಾಗಿಲ ಪಕ್ಕದ ಅಮ್ಮ’ ಅಂತ ಒಂದು ಸಾಲು. ಹನ್ನೊಂದು ದಿನದ ಜ್ವರ, ಕಳಿಸಿದ ಎಲ್ಲ ಟೆಸ್ಟೂ ನೆಗೆಟಿವ್. ಹನ್ನೆರಡನೇ ದಿನ ತಾನಾಗಿಯೇ ಬಿಟ್ಟಿತು. ಡಿಸ್ಚಾರ್ಜ್ ಕಾರ್ಡ್ ಕೊಡುವಾಗ ಆಕೆ ಕೇಳಿದರು, ‘ಕೊನೆಗೂ ಏನಾಗಿತ್ತಪ್ಪ ನಂಗೆ?’

‘ಗೊತ್ತಾಗಲೇ ಇಲ್ಲ ಅಮ್ಮ. ಇನ್ನೊಂದು ವಾರ ಬಿಟ್ಟು ಬನ್ನಿ, ಮತ್ತೆ ನೋಡ್ತೀವಿ. ನಡುವೆ ಜ್ವರ ಬಂದ್ರೆ ಅವತ್ತೇ ಬನ್ನಿ.’

‘ಹೋಗ್ಲಿ ಬಿಡು, ಹೋಯ್ತಲ್ಲ’ ಅಂದು ಕಾರ್ಡನ್ನು ಮಡಚಿ ಬ್ಲೌಸಿಗೆ ಸೇರಿಸಿಕೊಂಡರು. ಒಂದು ವಾರ ಬಿಟ್ಟು ಬಂದಾಗ ಜ್ವರ ಇರಲಿಲ್ಲ. ಚೀಲದಲ್ಲಿ ಅರ್ಧ ಸೇರು ಅವರೆಕಾಯಿ ಇತ್ತು.